ನಾಗಾರ್ಜುನಕೊಂಡ: ನೋಡಲೇಬೇಕು, ಆದರೆ ಬೋಟಿನವರು ಕೊಡುವ ಸಮಯ ಸಾಲದು

ಮೊದಲೇ ಹೇಳಿಬಿಡುತ್ತೇನೆ, ಶುಕ್ರವಾರ ಹೋಗಬೇಡಿ. ಅವತ್ತು ನಾಗಾರ್ಜುನಸಾಗರ ಜಲಾಶಯದ ನಡುವಿನ ಈ ದ್ವೀಪದ ಮ್ಯೂಸಿಯಂಗೆ ರಜ. ಆಂಧ್ರದ ಕಡೆಯಿಂದಾದರೆ ವಿಜಯಪುರಿ ಸೌತ್‌ನಲ್ಲಿ ಬೋಟ್ ಹತ್ತಬೇಕು. ಮೇಲಿನ ಡೆಕ್‌ನಲ್ಲಿ ಜಾಗ ಹಿಡಿಯಿರಿ, ಕೆಳಗೆ ಸೆಕೆ ಜಾಸ್ತಿ.

ಇದು ಹುಟ್ಟಾ ದ್ವೀಪವಲ್ಲ, ಬೆಟ್ಟದ ತುದಿ. ಕೆಳಗಿನ ಕಣಿವೆಯಲ್ಲಿ 3-4ನೇ ಶತಮಾನದಲ್ಲಿ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ ಇತ್ತು. ಸುತ್ತ ಬೌದ್ಧ ವಿಹಾರಗಳು. ನಾಗಾರ್ಜುನಸಾಗರ ಅಣೆಕಟ್ಟಿನಿಂದ ಎಲ್ಲ ಮುಳುಗುತ್ತದೆ ಅಂತಾದಾಗ, ಪುರಾತತ್ವ ಇಲಾಖೆ 1954ರಿಂದ 1960ರವರೆಗೆ ಕಣಿವೆಯನ್ನು ಅಗೆಯಿತು. ಮುಖ್ಯವಾದ ಕೆಲವು ಕಟ್ಟಡಗಳನ್ನು ಬಿಚ್ಚಿ ತಂದು ಬೆಟ್ಟದ ಮೇಲೆ ಜೋಡಿಸಿದರು. ಇದು ಗೊತ್ತಿಲ್ಲದೆ ಹೋದರೆ ಬರೀ ಇಟ್ಟಿಗೆ ಸಾಲು ಕಾಣುತ್ತದೆ. ನಮ್ಮ ಬೋಟಿನಲ್ಲಿ ಬಂದ ಕೆಲವರು ಸೆಲ್ಫಿ ತೆಗೆದು ಮರದ ನೆರಳಿಗೆ ಸರಿದರು, ಅವರದೂ ತಪ್ಪಲ್ಲ ಬಿಡಿ.

ಸ್ತೂಪಗಳ ತಳಪಾಯ ನೋಡಿ. ಗಾಡಿಯ ಚಕ್ರದ ಹಾಗೆ ನಡುವಿನಿಂದ ಹೊರಕ್ಕೆ ಇಟ್ಟಿಗೆಯ ಅರಗಳು, ನಡುವಿನ ಖಾಲಿ ಜಾಗಕ್ಕೆ ಮಣ್ಣು. ಹೀಗೆ ಕಟ್ಟಿ ಎಷ್ಟು ಇಟ್ಟಿಗೆ ಉಳಿತಾಯವಾಗಿರಬೇಕು ಅಲ್ವಾ! ಮ್ಯೂಸಿಯಂನಲ್ಲಿ ಪಲ್ನಾಡಿನ ಸುಣ್ಣಕಲ್ಲಿನ ಕೆತ್ತನೆಗಳಿವೆ. ಮುಖ, ಒಡವೆ, ಸೀರೆಯ ನಿರಿಗೆ ಎಲ್ಲ ಎದ್ದು ಕಾಣುತ್ತವೆ. ಮುಳುಗಿದ ಕಣಿವೆಯ ಮಾದರಿಯೂ ಅಲ್ಲೇ ಇದೆ. ಮೊದಲು ಅದನ್ನು ನೋಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಾನು ಹೋದದ್ದು ಕೊಡಬಲಿಸಿರಿಗಾಗಿ. ಇಕ್ಷ್ವಾಕು ವೀರಪುರುಷದತ್ತನ ಮಗಳು, ವನವಾಸದ ಅಂದರೆ ನಮ್ಮ ಬನವಾಸಿಯ ಮಹಾರಾಜನ ಹೆಂಡತಿ. ಅಣ್ಣತಮ್ಮಂದಿರಲ್ಲಿ ಒಬ್ಬನಾದ ಎಹುವುಲ ಚಾಂತಮೂಲ ಆಳುತ್ತಿದ್ದಾಗ, ಈಕೆ ಮಹೀಶಾಸಕ ಪಂಥದ ಭಿಕ್ಷುಗಳಿಗೆ ತವರಿನಲ್ಲಿ ವಿಹಾರ ಕಟ್ಟಿಸಿದಳು ಅಂತ ಇಲ್ಲಿನ ಶಾಸನ ಹೇಳುತ್ತದೆ. ನಾನು ಶಿರಸಿಯವನು. ಬನವಾಸಿಯ ಸೊಸೆಯ ತವರು ನೋಡಿಬಂದೆ ಅಂತ ಅತ್ತೆಗೆ ಹೇಳಿದಾಗ, "ಅಷ್ಟು ದೂರ ಕೊಟ್ಟಿದ್ರಾ?" ಅಂದರು.

ತಕರಾರು ಒಂದೇ. ನಮ್ಮ ಬೋಟಿನವರು ದ್ವೀಪದಲ್ಲಿ ಬಿಟ್ಟದ್ದು ಸುಮಾರು ಒಂದು ಗಂಟೆ. ಮ್ಯೂಸಿಯಂ ನೋಡಿದರೆ ಸ್ತೂಪ ಇಲ್ಲ, ಸ್ತೂಪ ನೋಡಿದರೆ ಮ್ಯೂಸಿಯಂ ಇಲ್ಲ. ಬೆಳಿಗ್ಗೆಯ ಬೋಟಿನಲ್ಲಿ ಹೋಗಿ, ಮುಂದಿನದರಲ್ಲಿ ವಾಪಸ್ ಬರಬಹುದಾ ಅಂತ ಟಿಕೆಟ್ ಕೊಳ್ಳುವಾಗಲೇ ಕೇಳಿ. ಟೋಪಿ, ನೀರು ಇರಲಿ. ಸಮಯವಿದ್ದರೆ ಜಲಾಶಯದ ದಡದಲ್ಲಿರುವ ಅನುಪು ಎಂಬ ಜಾಗಕ್ಕೂ ಹೋಗಿ. ಅಲ್ಲಿ ವಿಹಾರಗಳ ಜೊತೆಗೆ ಮೆಟ್ಟಿಲು ಸಾಲಿನ ಬಯಲು ರಂಗಸ್ಥಳವನ್ನೂ ತಂದು ಜೋಡಿಸಿದ್ದಾರೆ. ರಸ್ತೆಯಲ್ಲೇ ಹೋಗಬಹುದು, ಬೋಟಿನ ಸೀಟಿಗೆ ಓಡುವ ಗೋಜಿಲ್ಲ.