ಕಾಯಿಲ್ ಬದಲಿಸುವ ಮುಂಚೆ ಅದರ ಕನೆಕ್ಟರ್ ಬಿಚ್ಚಿ ನೋಡಿ

ಬಾನೆಟ್ ಕೆಳಗೆ ಯಾವುದಾದರೂ ಕನೆಕ್ಟರ್‌ಗೆ (ವೈರ್‌ಗಳನ್ನು ಒಂದು ಭಾಗಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ತುದಿಗೆ) ಕೇಬಲ್ ಟೈ ಬಿಗಿದಿದ್ದರೆ ದಯವಿಟ್ಟು ಅದನ್ನು ಸುಮ್ನೆ ಬಿಡಬೇಡಿ. ನನ್ನ ಕಾರಿನಲ್ಲಿ ಒಂದು ಕಾಯಿಲ್‌ನ, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗದ, ಕನೆಕ್ಟರ್‌ಗೆ ಅದು ತಿಂಗಳುಗಟ್ಟಲೆ ಕಣ್ಣೆದುರೇ ಇತ್ತು. ಕೂಲೆಂಟ್ ನೋಡಲು ಬಾನೆಟ್ ಎತ್ತಿದಾಗಲೆಲ್ಲ ಕಾಣುತ್ತಿತ್ತು. ವೈರ್ ಅಲ್ಲಾಡದಿರಲಿ ಎಂದು ಯಾರೋ ಕಟ್ಟಿದ್ದಾರೆ ಅಂದುಕೊಂಡಿದ್ದೆ. ನಿಜಕ್ಕೂ ಅದು ಮುರಿದುಹೋದ ಲಾಕ್‌ನ ಬದಲಿಗೆ ಕಟ್ಟಿದ್ದು. ಹಿಂದೊಮ್ಮೆ ಸ್ಪಾರ್ಕ್ ಪ್ಲಗ್ ಬದಲಿಸುವಾಗ ಕನೆಕ್ಟರ್‌ನ ಲಾಕ್ ಮುರಿದಿದೆ, ಮುರಿದವರು ನನಗೆ ಹೇಳಲಿಲ್ಲ.

ತೊಂದರೆ ಶುರುವಾಗಿದ್ದು ಸಣ್ಣ ನಡುಕದಿಂದ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಜಾಸ್ತಿ, ನುಣುಪಾದ ರಸ್ತೆಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಆಮೇಲೆ ಚೆಕ್ ಎಂಜಿನ್ ದೀಪ ಹತ್ತಿತು. ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದರು. ಬಂದ ಕೋಡ್ ಪಿ0303. ಅಂದರೆ ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. "ಕಾಯಿಲ್ ಹೋಗಿದೆ ಸರ್" ಅಂದರು. ಕಾಯಿಲ್ ಬದಲಾಯಿತು, ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾದವು. ಒಂದು ವಾರ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಅದೇ ನಡುಕ, ಅದೇ ಪಿ0303. ಈ ಸಲ ಅವರ ಮಾತು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಕಡೆಗೆ ತಿರುಗಿತು.

ಇಲ್ಲಿ ಒಂದು ವಿಷಯ ಗಮನಿಸಿ. ಕೋಡ್ ಹೇಳುವುದು ಯಾವ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅನ್ನುವುದನ್ನು ಮಾತ್ರ. ಯಾವ ಭಾಗ ಕೆಟ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ. ಕಾಯಿಲ್, ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಶನ್), ವೈರಿಂಗ್, ಯಾವುದು ಕೆಟ್ಟಿದ್ದರೂ ಅದೇ ಕೋಡ್ ಬರಬಹುದು. ಕಾಯಿಲ್ ಹೌದೋ ಅಲ್ಲವೋ ತಿಳಿಯಲು ಹೊಸದನ್ನು ಕೊಳ್ಳಲೇಬೇಕಿಲ್ಲ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಎರಡನೇ ಸಿಲಿಂಡರ್‌ನ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದನ್ನು ಎರಡನೆಯದಕ್ಕೂ ಹಾಕಿ, ಕೋಡ್ ಅಳಿಸಿ ಓಡಿಸಿದರಾಯಿತು. ಪಿ0302 ಬಂದರೆ ಕಾಯಿಲೇ ಕೆಟ್ಟಿದೆ. ಮತ್ತೆ ಪಿ0303 ಬಂದರೆ ಕಾಯಿಲ್ ತಪ್ಪಲ್ಲ. ನಾನು ಮಾಡಿದಾಗ ಪಿ0303 ಅಲ್ಲೇ ಉಳಿಯಿತು. ಹತ್ತು ನಿಮಿಷದ ಈ ಕೆಲಸವನ್ನು ಮೊದಲ ದಿನವೇ ಯಾಕೆ ಮಾಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ಸಂಗತಿ.

ಆಗ, ಕಾಯಿಲ್ ಅದಲುಬದಲು ಮಾಡಲು ಕೇಬಲ್ ಟೈ ಕತ್ತರಿಸಿ ಬಿಚ್ಚಿದ್ದ ಮೂರನೇ ಸಿಲಿಂಡರ್‌ನ ಕನೆಕ್ಟರನ್ನೇ ಗಮನವಿಟ್ಟು ನೋಡಿದೆ. ಪ್ಲಾಸ್ಟಿಕ್ ಬಿಸಿಗೆ ಕಂದು ತಿರುಗಿತ್ತು, ಉಗುರು ತಾಕಿದರೆ ಚೂರು ಉದುರುತ್ತಿತ್ತು. ಒಳಗಿನ ರಬ್ಬರ್ ಸೀಲ್ ಹರಿದಿತ್ತು. ಮೂರು ಪಿನ್‌ಗಳಲ್ಲಿ ಒಂದರ ಮೇಲೆ ಹಸಿರು ಕಿಲುಬು. ಇನ್ನೊಂದು ಉಳಿದ ಎರಡಕ್ಕಿಂತ ಸ್ವಲ್ಪ ಒಳಗೆ ಸರಿದಿತ್ತು. ಕನೆಕ್ಟರ್ ಕೂತಂತೆ ಕಂಡರೂ ಆ ಪಿನ್ ಕಾಯಿಲ್‌ಗೆ ಅಂಚಿನಲ್ಲಷ್ಟೇ ತಾಗುತ್ತಿತ್ತು. ಗಾಡಿ ಅಲ್ಲಾಡಿದಾಗ ಸಂಪರ್ಕ ತಪ್ಪುತ್ತಿತ್ತು. ಗುಂಡಿ ರಸ್ತೆಯಲ್ಲಿ ಯಾಕೆ ಜಾಸ್ತಿ ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. ಹೊಸ ಕಾಯಿಲ್ ಹಾಕುವಾಗ ಕನೆಕ್ಟರ್ ಬಿಚ್ಚಿ ಮತ್ತೆ ಕೂರಿಸಿದ್ದರಿಂದ ಪಿನ್ ಸ್ವಲ್ಪ ಉಜ್ಜಿ ಒಂದು ವಾರ ಸರಿಯಿತ್ತು, ಅಷ್ಟೇ.

ಇಷ್ಟು ಗೊತ್ತಾದ ಮೇಲೂ ನನಗೆ ದೊಡ್ಡ ಪೆಟ್ಟು ಬಿದ್ದಿದ್ದು ರಿಪೇರಿಯಲ್ಲಿ. ಇನ್ನೊಂದು ಗ್ಯಾರೇಜ್‌ಗೆ ಹೋದೆ. ಅವರು ಹಳೇ ಕನೆಕ್ಟರ್ ಕತ್ತರಿಸಿ, ಬೇರೆ ಗಾಡಿಯಿಂದ ತೆಗೆದ ಒಂದನ್ನು ಹಾಕಿದರು. ವೈರ್‌ಗಳನ್ನು ಕೈಯಲ್ಲಿ ತಿರುಚಿ ಕಪ್ಪು ಟೇಪ್ ಸುತ್ತಿದರು. ಮೂರೂ ಜೋಡಣೆ ಒಂದೇ ಜಾಗದಲ್ಲಿ, ಒಂದರ ಪಕ್ಕ ಒಂದು. ಎಂಜಿನ್ ನಯವಾಗಿ ಓಡಿತು, ನಾನೂ ಖುಷಿಯಲ್ಲಿ ಹೊರಟೆ. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಸುತ್ತು ಜಾರುತ್ತದೆ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಸುಮಾರು ಮೂರು ವಾರದ ನಂತರ, ಕತ್ತಲಾದ ಮೇಲೆ, ಹೆದ್ದಾರಿಯಲ್ಲಿ ಎಂಜಿನ್ ಏಕಾಏಕಿ ಆಫ್ ಆಯಿತು. ಹಿಂದೆ ಲಾರಿ ಇತ್ತು. ಸ್ಟೀರಿಂಗ್ ಕಲ್ಲಿನಷ್ಟು ಬಿಗಿ. ಉಳಿದಿದ್ದ ವೇಗದಲ್ಲೇ ಹೇಗೋ ರಸ್ತೆಯ ಅಂಚಿಗೆ ತಂದೆ. ಮಕ್ಕಳು ಹಿಂದಿನ ಸೀಟಿನಲ್ಲಿದ್ದರು.

ಕರೆಂಟ್ ತರುವ ವೈರ್‌ನ ಜೋಡಣೆ ಬರಿದಾಗಿ ಎಂಜಿನ್‌ನ ಲೋಹಕ್ಕೆ ತಾಗಿತ್ತು. ನನ್ನ ಕಾರಿನಲ್ಲಿ ನಾಲ್ಕೂ ಕಾಯಿಲ್‌ಗಳಿಗೆ ಒಂದೇ ಫ್ಯೂಸ್. ಅದು ಸುಟ್ಟಿತು, ನಾಲ್ಕೂ ನಿಂತವು. ಸಹಾಯಕ್ಕೆ ಬಂದವರೊಬ್ಬರು 15 ಆಂಪಿಯರ್ ಜಾಗಕ್ಕೆ 30ರ ಫ್ಯೂಸ್ ಹಾಕೋಣ, ಮನೆ ಮುಟ್ಟುತ್ತೀರಿ ಅಂದರು. ಬೇಡ ಅಂದೆ. ನೀವೂ ಒಪ್ಪಬೇಡಿ. ಆ ವೈರ್‌ನ ದಪ್ಪಕ್ಕೆ ತಕ್ಕಂತೆ ಫ್ಯೂಸ್ ಇರುತ್ತದೆ. ದೊಡ್ಡದು ಹಾಕಿದರೆ ಶಾರ್ಟ್ ಆದಾಗ ಫ್ಯೂಸ್ ಸುಡುವ ಮೊದಲೇ ವೈರ್ ಕಾದು ಕರಗಬಹುದು, ಬಾನೆಟ್ ಕೆಳಗೆ ಬೆಂಕಿ ಹತ್ತಬಹುದು. ಗಾಡಿಯನ್ನು ಟೋ ಮಾಡಿಸಿದೆ.

ಕೊನೆಗೆ ಸರಿ ಮಾಡಿದ್ದು ವೈರಿಂಗ್ ಕೆಲಸವನ್ನೇ ಮಾಡುವ ಒಬ್ಬ ಎಲೆಕ್ಟ್ರಿಷಿಯನ್. ಅವರು ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದರು. ವೈರ್ ಬಾಲದ ಸಮೇತ ಬರುವ ಹೊಸ ಕನೆಕ್ಟರ್ ತರಿಸಿದ್ದರು. ಮೂರೂ ವೈರ್ ಒಟ್ಟಿಗೆ ಕತ್ತರಿಸಲಿಲ್ಲ. ಒಂದು ಕತ್ತರಿಸಿ, ಜೋಡಿಸಿ, ಆಮೇಲೆ ಮುಂದಿನದು. ಹೊಸ ಕನೆಕ್ಟರ್‌ನ ವೈರ್ ಬಣ್ಣ ಗಾಡಿಯದಕ್ಕೆ ಹೊಂದದೇ ಇರಬಹುದು, ಹಾಗಾಗಿ ಬಣ್ಣ ನಂಬದೆ ಪಿನ್ ಜಾಗ ನೋಡಿ ಜೋಡಿಸಬೇಕು ಅಂದರು. ಒಂದೊಂದು ಜೋಡಣೆಯೂ ಬೇರೆ ಬೇರೆ ಜಾಗದಲ್ಲಿ ಬರುವಂತೆ ವೈರ್ ಕತ್ತರಿಸಿದರು, ಅಕಸ್ಮಾತ್ ಬರಿದಾದರೂ ಒಂದಕ್ಕೊಂದು ತಾಗಬಾರದಲ್ವಾ. ವೈರ್ ದಪ್ಪಕ್ಕೆ ಸರಿಯಾದ ಕ್ರಿಂಪ್ (ವೈರ್ ತುದಿಗಳನ್ನು ಒಳಗಿಟ್ಟು ಒತ್ತುವ ಲೋಹದ ಕೊಳವೆ) ಹಾಕಿ ಒತ್ತಿ, ಎಳೆದು ಪರೀಕ್ಷಿಸಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಬಿಸಿ ಮಾಡಿದರು. ಬೆಸುಗೆ ಯಾಕೆ ಬೇಡ ಎಂದು ಕೇಳಿದೆ. ಸೀಸ ವೈರ್ ಎಳೆಗಳೊಳಗೆ ಹರಿದು ಅಷ್ಟು ಭಾಗ ಬಿರುಸಾಗುತ್ತದೆ, ಎಂಜಿನ್ ಕಂಪನಕ್ಕೆ ಅದರ ಅಂಚಿನಲ್ಲೇ ಮುರಿಯುತ್ತದೆ ಅಂದರು. ಕೊನೆಗೆ ಸುರುಳಿ ಪೈಪಿನೊಳಗೆ ವೈರ್ ಹಾಕಿ, ಬಿಸಿ ಭಾಗಗಳಿಂದ ದೂರ ಕಟ್ಟಿದರು. ಕನೆಕ್ಟರ್ ಟಿಕ್ ಎಂದು ಕೂತ ಸದ್ದು ನನಗೂ ಕೇಳಿಸಿತು.

ಪರೀಕ್ಷೆಯ ಬಗ್ಗೆ ಅವರು ತೋರಿಸಿದ ಎರಡು ವಿಷಯ ಎಲ್ಲರಿಗೂ ಗೊತ್ತಿರಬೇಕು. ಮೀಟರ್‌ನಲ್ಲಿ 12 ವೋಲ್ಟ್ ಬಂದರೆ ವೈರ್ ಸರಿಯಿದೆ ಅಂತಲ್ಲ. ಎಲ್ಲ ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ, ಅದು ಎಳೆಯುವ ಕರೆಂಟ್ ಅಷ್ಟು ಕಡಿಮೆ. ಕರೆಂಟ್ ತರುವ ವೈರ್‌ಗೂ ಅರ್ತ್‌ಗೂ ನಡುವೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಚ್ಚಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ತೊಡಕಿದೆ. ಆದರೆ ಇಸಿಯುವಿನಿಂದ ಬರುವ ಸಿಗ್ನಲ್ ವೈರ್‌ಗೆ ಬಲ್ಬ್ ಹಚ್ಚಲೇಬಾರದು, ಇಸಿಯು ಸುಡಬಹುದು. ಎರಡನೆಯದು, ಮೀಟರ್‌ನ ದಪ್ಪ ಮೊನೆಯನ್ನು ಕನೆಕ್ಟರ್‌ನ ತೂತಿಗೆ ತುರುಕಬಾರದು. ಒಳಗಿನ ತೆಳು ತಗಡು ಅಗಲವಾಗಿ ಮತ್ತೆಂದೂ ಪಿನ್ ಬಿಗಿಯಾಗಿ ಹಿಡಿಯುವುದಿಲ್ಲ. ಚೆನ್ನಾಗಿದ್ದ ಕನೆಕ್ಟರ್ ಪರೀಕ್ಷೆಯಲ್ಲೇ ಹಾಳಾಗುತ್ತದೆ.

ನೀವೇ ಬಿಚ್ಚುವುದಾದರೆ ವೈರ್ ಹಿಡಿದು ಎಳೆಯಬೇಡಿ. ಮೊದಲು ಕನೆಕ್ಟರನ್ನು ಸ್ವಲ್ಪ ಒಳಗೆ ಒತ್ತಿ, ಆಮೇಲೆ ಲಾಕ್ ಅದುಮಿ, ಪ್ಲಾಸ್ಟಿಕ್ ಹಿಡಿದು ಹೊರಗೆಳೆಯಿರಿ. ಕೆಲವಕ್ಕೆ ಬೇರೆ ಬಣ್ಣದ ಎರಡನೇ ಲಾಕ್ ಇರುತ್ತದೆ, ಅದನ್ನು ಮೊದಲು ಸರಿಸಬೇಕು. ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗ್‌ನದ್ದು. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಿತ್ತಳೆ ವೈರ್ ಅಂದರೆ ಜೀವ ತೆಗೆಯುವಷ್ಟು ವೋಲ್ಟೇಜ್. ಇವೆರಡನ್ನೂ ಮುಟ್ಟಬೇಡಿ.

ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಆ ಮಿಸ್‌ಫೈರ್ ಇಟ್ಟುಕೊಂಡು ಗಾಡಿ ಓಡಿಸುತ್ತಾ ಇರಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಒಳಗಿಂದಲೇ ಕರಗಬಹುದು. ನಾನು ಹಾಗೇ ಓಡಿಸಿದ್ದೆ. ಪಿ0303 ಮತ್ತೆ ಬಂದಿಲ್ಲ, ಆದರೆ ಈಗ ಪಿ0420 ಬಂದಿದೆ. ಅದು ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಈ ಸಲ ಹೊಸ ಕನ್ವರ್ಟರ್ ಹಾಕಿಸುವ ಮುಂಚೆ, ಅದರ ಕೆಲಸ ಅಳೆಯುವ ಆಕ್ಸಿಜನ್ ಸೆನ್ಸರ್‌ನ ಕನೆಕ್ಟರ್ ಬಿಚ್ಚಿಸಿ ನೋಡುತ್ತೇನೆ.