ಡಯಲಿಗೆ ಟೇಪ್ ಸುತ್ತಿದ ಕ್ಯಾಮೆರಾ: ಕ್ರೀಡಾ ಛಾಯಾಗ್ರಹಣ ಶಿಬಿರಕ್ಕೆ ಹಣ ಕಟ್ಟುವ ಮುನ್ನ

ಕಳೆದ ಋತುವಿನಲ್ಲಿ ದಕ್ಷಿಣ ಕನ್ನಡದ ಒಂದು ಜೋಡುಕರೆ (ಅಕ್ಕಪಕ್ಕ ಎರಡು ಓಟದ ಕರೆಗಳಿರುವ) ಕಂಬಳದಲ್ಲಿ ನಡೆದ ಎರಡು ದಿನಗಳ ಕ್ರೀಡಾ ಛಾಯಾಗ್ರಹಣ ಶಿಬಿರಕ್ಕೆ ನಾನು 9,500 ರೂಪಾಯಿ ಶುಲ್ಕವನ್ನೂ 5,000 ರೂಪಾಯಿ ಠೇವಣಿಯನ್ನೂ ಕಟ್ಟಿ ಹೋಗಿದ್ದೆ. ನವೆಂಬರ್ ಬಂದರೆ ಇಂಥ ಜಾಹೀರಾತುಗಳು ಮತ್ತೆ ಶುರುವಾಗುತ್ತವೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ನಡೆಸಿದವರ ಹೆಸರು ಹೇಳುವುದಿಲ್ಲ. ಅವರ ರೀತಿ ತಿಳಿದರೆ ಸಾಕು.

ಐದು ಜನರಿಗೊಬ್ಬ ಮಾರ್ಗದರ್ಶಕ, ಎಲ್ಲರ ಕೈಗೂ ದೂರದ್ದನ್ನು ಹತ್ತಿರ ತೋರುವ 400 ಎಂಎಂ ಲೆನ್ಸ್, ಓಟ ಮುಗಿಯುವ ತುದಿಯಾದ ಮಂಜೊಟ್ಟಿಯ ಬಳಿ ನಿಲ್ಲಲು ಅನುಮತಿ ಎಂದು ಜಾಹೀರಾತು ಹೇಳಿತ್ತು. ಹೋಗಿ ನೋಡಿದರೆ ಇಪ್ಪತ್ಮೂರು ಜನ ಶಿಬಿರಾರ್ಥಿಗಳಿಗೆ ಇಬ್ಬರು ಮಾರ್ಗದರ್ಶಕರು, ಒಂದೇ ಒಂದು ದೊಡ್ಡ ಲೆನ್ಸ್. ಮೊದಲ ದಿನ ಸಂಜೆ ನಾಲ್ಕೂವರೆಗೆ ನನ್ನ ಸರದಿ ಬಂತು. ಸುಮಾರು ಮೂರು ಕಿಲೋ ತೂಗುವ ಆ ಲೆನ್ಸನ್ನು ಮೊನೊಪಾಡ್ ಎಂಬ ಒಂಟಿಗಾಲಿನ ಆಸರೆಯ ಮೇಲೆ ನಿಲ್ಲಿಸಿಕೊಂಡು ಷಟರ್ ವೇಗ (ಬೆಳಕು ಒಳಬರುವ ಅವಧಿ) ಎಷ್ಟಿಟ್ಟಿದ್ದಾರೆಂದು ನೋಡಲು ಹೋದಾಗಲೇ ಗಮನಿಸಿದ್ದು, ಕ್ಯಾಮೆರಾದ ಎರಡೂ ಡಯಲುಗಳಿಗೆ ಕಪ್ಪು ಟೇಪ್ ಸುತ್ತಿತ್ತು. "ಅದನ್ನ ಮುಟ್ಟಬೇಡಿ ಸರ್, ಎಲ್ಲ ಸೆಟ್ ಮಾಡಿಟ್ಟಿದೀನಿ, ನೀವು ಬಟನ್ ಒತ್ತಿದ್ರೆ ಸಾಕು" ಎಂದರು ಮಾರ್ಗದರ್ಶಕರು. ಮೂರು ಜೊತೆ ಕೋಣಗಳು ಓಡಿ ಮುಗಿಯುವಷ್ಟರಲ್ಲಿ ನನ್ನ ಸರದಿಯೂ ಮುಗಿಯಿತು.

ಚಿತ್ರಗಳು ಬಹಳ ಚೆನ್ನಾಗಿ ಬಂದಿದ್ದವು ಎಂಬುದನ್ನು ಒಪ್ಪಿಕೊಳ್ಳಲೇಬೇಕು, ಮೋಸ ಅಡಗಿರುವುದೇ ಅಲ್ಲಿ. ಕೋಣದ ಮೂಗಿನಿಂದ ಹಾರಿದ ಕೆಸರಿನ ಒಂದೊಂದು ಹನಿಯೂ ಸ್ಪಷ್ಟವಾಗಿತ್ತು. ಮನೆಗೆ ಬಂದು ಫೈಲಿನಲ್ಲಿ ದಾಖಲಾಗಿದ್ದ ಅಂಕಿಗಳನ್ನು ನೋಡಿದೆ: ಷಟರ್ ವೇಗ 1/2000 ಸೆಕೆಂಡ್, ಲೆನ್ಸಿನ ತೆರಪು ಎಫ್ 2.8 (ಈ ಅಂಕಿ ಚಿಕ್ಕದಾದಷ್ಟೂ ತೆರಪು ದೊಡ್ಡದು), ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್ಒ 400. ಎರಡು ವಾರದ ಬಳಿಕ ನಮ್ಮೂರಿನ ಹೊನಲು ಬೆಳಕಿನ ಕಬಡ್ಡಿಗೆ ಹೋಗಿ ನನ್ನ ಕ್ಯಾಮೆರಾದಲ್ಲಿ ಅವೇ ಅಂಕಿಗಳನ್ನು ಇಡಹೋದಾಗ (ನನ್ನ ಲೆನ್ಸಿನಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯಲೂ ಆಗುವುದಿಲ್ಲ) ಪರದೆಯ ಮೇಲೆ ಕಂಡದ್ದು ಬರೀ ಕತ್ತಲೆ. ಬೆಳಕು ಇಳಿದಾಗ ಮೊದಲು ಯಾವುದನ್ನು ಬಿಟ್ಟುಕೊಡಬೇಕು, ಐಎಸ್ಒವನ್ನು ಎಲ್ಲಿಯವರೆಗೆ ಏರಿಸಬಹುದು, ಎದುರಿಗೇ ಓಡಿ ಬರುವ ಕೋಣಗಳ ಮೇಲೆ ಫೋಕಸ್ ಹಿಡಿದಿಡುವುದು ಹೇಗೆ, ಕನೆಹಲಗೆಯಲ್ಲಿ (ಓಡಿಸುವವನು ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ವಿಭಾಗ) ಎತ್ತರದಲ್ಲಿ ಕಟ್ಟಿದ ನಿಶಾನೆಯತ್ತ ಚಿಮ್ಮುವ ನೀರು ಹನಿಹನಿಯಾಗಿ ಕಾಣಬೇಕೋ ಎಳೆಎಳೆಯಾಗಿ ಕಾಣಬೇಕೋ ಎಂಬುದನ್ನು ಷಟರ್ ವೇಗದಿಂದ ತೀರ್ಮಾನಿಸುವುದು ಹೇಗೆ ಎಂಬ ಪ್ರಶ್ನೆಗಳೇ ಈ ವಿದ್ಯೆಯ ತಿರುಳು. ಟೇಪ್ ಅವೆಲ್ಲವನ್ನೂ ಮುಚ್ಚಿಬಿಟ್ಟಿತ್ತು. ಕಂಬಳ ರಾತ್ರಿಯಿಡೀ ನಡೆಯುತ್ತದೆ, ಕಲಿಯಲು ಅದಕ್ಕಿಂತ ಒಳ್ಳೆಯ ಅವಕಾಶ ಬೇರೆಲ್ಲಿ ಸಿಕ್ಕೀತು? ನಮ್ಮ ಶಿಬಿರ ಮಾತ್ರ ಆರೂವರೆಗೆ ಮುಗಿದು ಎಲ್ಲರೂ ಲಾಡ್ಜಿಗೆ ಹೋದೆವು.

ಎರಡನೆಯ ದಿನದ್ದು ಇನ್ನೂ ಗಂಭೀರವಾದ ಸಂಗತಿ. ಓಟ ಮುಗಿಸಿದ ಕೋಣಗಳು ಮಂಜೊಟ್ಟಿಯ ಏರಿನಲ್ಲಿಯೇ ನಿಲ್ಲುತ್ತವೆ ಎಂಬ ಖಾತರಿಯಿಲ್ಲ; ಕೆಲವು ವೇಗ ತಗ್ಗದೆ ಜನರ ನಡುವೆಯೇ ನುಗ್ಗುತ್ತವೆ. ಅಲ್ಲಿಂದ ಸರಿಯಿರಿ ಎಂದು ಮೈಕಿನಲ್ಲಿ ತುಳುವಿನಲ್ಲಿ ಪದೇ ಪದೇ ಹೇಳುತ್ತಿದ್ದರಂತೆ. ಘಟ್ಟದ ಮೇಲಿನಿಂದ ಹೋದ ನಮಗೆ ತುಳು ಬಾರದು, ಮಾರ್ಗದರ್ಶಕರಿಗೂ ಬಾರದು. ಒಂದು ಜೊತೆ ಬದಿಗೆ ತಿರುಗಿದಾಗ ನನ್ನ ಪಕ್ಕದಲ್ಲಿದ್ದ ಹುಡುಗ ಹಿಂದಕ್ಕೆ ಜಿಗಿಯಲು ಹೋಗಿ ಬಾಡಿಗೆ ಕ್ಯಾಮೆರಾ ಸಮೇತ ಕೆಸರಿಗೆ ಬಿದ್ದ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಸಮಿತಿಯ ಹಿರಿಯರೊಬ್ಬರು ಓಡಿಬಂದು ಅವನನ್ನು ಎಬ್ಬಿಸಿ, "ಮೊದಲೇ ಒಂದು ಮಾತು ಹೇಳಿದ್ರೆ ನಾವೇ ಜಾಗ ಮಾಡಿ ಕೊಡ್ತಿದ್ದೆವಲ್ಲ ಮಾರಾಯ್ರೇ" ಎಂದಾಗಲೇ ನಮಗೆ ಗೊತ್ತಾದದ್ದು, ಅನುಮತಿ ಎಂಬುದನ್ನು ಯಾರೂ ಕೇಳಿಯೇ ಇರಲಿಲ್ಲ. ಆ ಹುಡುಗನ ಠೇವಣಿಯಲ್ಲಿ ಒಂದು ರೂಪಾಯಿಯೂ ಹಿಂದಿರುಗಲಿಲ್ಲ.

ಆದ್ದರಿಂದ ಹಣ ಕಟ್ಟುವ ಮುನ್ನ ಆಯೋಜಕರ ಅನುಮತಿ ಪತ್ರವನ್ನು ತೋರಿಸಲು ಹೇಳಿ, ಸಾಧ್ಯವಾದರೆ ಕಂಬಳ ಸಮಿತಿಗೇ ಫೋನ್ ಮಾಡಿ ವಿಚಾರಿಸಿ. ಒಬ್ಬೊಬ್ಬರಿಗೆ ಎಷ್ಟು ನಿಮಿಷ ಕ್ಯಾಮೆರಾ ಸಿಗುತ್ತದೆ, ಸೆಟ್ಟಿಂಗ್ ಬದಲಿಸಲು ಬಿಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಹಿಂದಿನ ಶಿಬಿರಾರ್ಥಿಗಳ ಚೆಂದದ ಚಿತ್ರಗಳನ್ನು ನೋಡಿ ನಂಬಬೇಡಿ, ನಾನು ನಂಬಿದ್ದು ಅವುಗಳನ್ನೇ. ಅವರು ಶಿಬಿರದ ನಂತರ ತಮ್ಮದೇ ಕ್ಯಾಮೆರಾದಲ್ಲಿ ತೆಗೆದದ್ದನ್ನು ಕೇಳಿ ನೋಡಿ.

ನೋಂದಣಿ ನಮೂನೆಯ ಕೊನೆಯ ಪುಟವನ್ನೂ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ತೆಗೆದವನೇ ಅದರ ಕರ್ತೃ. ಆದರೆ ಹಕ್ಕನ್ನು ಸಹಿ ಹಾಕಿ ಬರಹದಲ್ಲಿ ಬಿಟ್ಟುಕೊಡಬಹುದು. ಲಾಡ್ಜಿನ ಜಗಲಿಯಲ್ಲಿ ಚಹಾದ ಲೋಟ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಾನು ಮಾಡಿದ್ದು ಅದನ್ನೇ.

ಶುಲ್ಕ ಹಿಂದಿರುಗಿಸಲು ಬರೆದ ಎರಡು ಪತ್ರಗಳಿಗೆ "ನಿಯಮದಲ್ಲಿ ಅವಕಾಶವಿಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ; ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವನಿದ್ದೇನೆ. ಈ ನಡುವೆ ಅವರ ಮುಂದಿನ ಶಿಬಿರದ ಪೋಸ್ಟರ್ ಬಂದಿದೆ. ಅದರಲ್ಲಿ ಕೆಸರಿನ ಹನಿಗಳ ನಡುವೆ ಮೂಗು ಅರಳಿಸಿ ಓಡುತ್ತಿರುವ ಕೋಣ ನಾನು ತೆಗೆದದ್ದು. ಕೆಳಗೆ "ನಮ್ಮ ಶಿಬಿರಾರ್ಥಿ ಮೊದಲ ದಿನವೇ ತೆಗೆದ ಚಿತ್ರ" ಎಂದು ಬರೆದಿದ್ದಾರೆ.