ಆಂಡ್ರಾಯ್ಡ್ ಕಾರ್ ಸ್ಟೀರಿಯೊ, ಎರಡೂವರೆ ವರ್ಷದ ಮೇಲೆ: ಬ್ಯಾಟರಿ ಖಾಲಿ ಮಾಡುವ ಹಳದಿ ವೈರ್

ಶುಕ್ರವಾರ ಸಂಜೆ ನಿಲ್ಲಿಸಿದ ಕಾರು ಬುಧವಾರ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಕೀ ತಿರುಗಿಸಿದರೆ ಟಕಟಕ ಎನ್ನುತ್ತದೆ, ಮೀಟರಿನ ದೀಪಗಳು ಮಂಕಾಗುತ್ತವೆ, ಅಷ್ಟೇ. ಬ್ಯಾಟರಿ ಹೊಸದು, ಆಲ್ಟರ್ನೇಟರ್ ಚಾರ್ಜಿಂಗ್ 14.2 ವೋಲ್ಟ್ ಸರಿಯಾಗಿಯೇ ಇದೆ. ತಪ್ಪೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಕೂತಿರುವ 9 ಇಂಚಿನ ಸ್ಟೀರಿಯೊದ್ದು. ಈ ವಿಮರ್ಶೆಯ ಹೆಚ್ಚು ಪಾಲು ಆ ಒಂದು ತಪ್ಪಿಗೇ ಹೋಗುತ್ತದೆ. ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ, ಒಂದೇ ಬೋರ್ಡು ಹತ್ತಾರು ಹೆಸರಿನ ಡಬ್ಬಗಳಲ್ಲಿ ಮಾರಾಟವಾಗುತ್ತದೆ. ಒಂಬತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಸೆಟ್ ಇದು. ಹಾಕಿರುವುದು 35 ಆಂಪಿಯರ್-ಅವರ್ ಬ್ಯಾಟರಿಯ ಸಣ್ಣ ಪೆಟ್ರೋಲ್ ಕಾರಿಗೆ. ವಾರಕ್ಕೆ ಎರಡು ಸಲ ಮಾತ್ರ ಹೊರಗೆ ಹೋಗುವ ಕಾರು ಎಂಬುದನ್ನು ನೆನಪಿಟ್ಟುಕೊಂಡು ಓದಿ. ದಿನಾ ನಲವತ್ತು ಕಿಲೋಮೀಟರ್ ಓಡುವ ಕಾರಿನಲ್ಲಿ ಈ ದೋಷ ಕಣ್ಣಿಗೇ ಬೀಳದೆ ಇರಬಹುದು.

ರ‍್ಯಾಮ್, ಸ್ಕ್ರೀನು, ಆಂಡ್ರಾಯ್ಡ್ ಎಷ್ಟನೆಯದು ಎಂಬುದೆಲ್ಲ ಡಬ್ಬದ ಮೇಲೇ ಇದೆ. ಅದರಲ್ಲಿ ನಂಬಬಾರದ್ದು ಒಂದೇ, '4×50 ವ್ಯಾಟ್'. ಎಂಜಿನ್ ಓಡುವಾಗ ಸಿಗುವ 14.4 ವೋಲ್ಟನ್ನು 4 ಓಮ್ ಸ್ಪೀಕರಿಗೆ ಪೂರ್ತಿ ಕೊಟ್ಟರೂ ಚೊಕ್ಕ ಧ್ವನಿಯಲ್ಲಿ ಸುಮಾರು 26 ವ್ಯಾಟ್ ಮೀರುವುದಿಲ್ಲ. ಡಬ್ಬದ 50 ಎಂಬುದು ಧ್ವನಿ ಪೂರ್ತಿ ಒಡೆದಾಗ ಬರುವ ಲೆಕ್ಕ. ನಿಜದಲ್ಲಿ ಚಾನೆಲ್ಲಿಗೆ 18ರಿಂದ 20 ವ್ಯಾಟ್ ಎಂದುಕೊಳ್ಳಿ. ಸಣ್ಣ ಕಾರಿಗೆ ಅಷ್ಟು ಧಾರಾಳ ಸಾಕು, ಕಂಪನಿಯ ಸ್ಪೀಕರುಗಳಲ್ಲೇ ತಬಲಾದ ಎಡಗೈ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ.

ಈಗ ವೈರಿನ ವಿಷಯ. ಸ್ಟೀರಿಯೊದಿಂದ ಕರೆಂಟಿಗೆ ಸಂಬಂಧಿಸಿದ ಮೂರು ವೈರ್ ಹೊರಬರುತ್ತವೆ. ಕಪ್ಪು ಅರ್ಥ್. ಕೆಂಪು ಎಸಿಸಿ, ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರ್. ಹಳದಿಯದು ಬ್ಯಾಟರಿಗೆ ನೇರ ಸಂಪರ್ಕ, ಹಗಲೂ ರಾತ್ರಿ 12 ವೋಲ್ಟ್. ಹಳೆಯ ಸಿಡಿ ಪ್ಲೇಯರುಗಳಲ್ಲಿ ಹಳದಿ ವೈರ್ ಗಡಿಯಾರವನ್ನೂ ಸ್ಟೇಷನ್ನುಗಳನ್ನೂ ನೆನಪಿಡಲು ಕೆಲವೇ ಮಿಲಿಆಂಪಿಯರ್ ತೆಗೆದುಕೊಳ್ಳುತ್ತಿತ್ತು. ಆಂಡ್ರಾಯ್ಡ್ ಸೆಟ್ ಹಾಗಲ್ಲ. ಕೀ ತೆಗೆದ ಮೇಲೆ ಆರುವುದು ಸ್ಕ್ರೀನ್ ಮಾತ್ರ, ಒಳಗಿನ ಬೋರ್ಡು ಫೋನಿನ ಹಾಗೆ ನಿದ್ದೆಗೆ ಹೋಗಿರುತ್ತದೆ. ಮತ್ತೆ ಕೀ ಹಾಕಿದಾಗ ಎರಡೇ ಸೆಕೆಂಡಿನಲ್ಲಿ ಹಾಡು ಶುರುವಾಗಲಿ ಎಂದು ಮಾಡಿದ ವ್ಯವಸ್ಥೆ ಇದು. ಆ ನಿದ್ದೆಯ ಖರ್ಚನ್ನು ಬ್ಯಾಟರಿ ಭರಿಸುತ್ತದೆ.

ಎಷ್ಟು ಖರ್ಚು ಎಂದು ಯಾರು ಬೇಕಾದರೂ ಅಳೆಯಬಹುದು. ಮಲ್ಟಿಮೀಟರಿನ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ. ಕೀ ತೆಗೆದು, ಬಾಗಿಲುಗಳನ್ನೆಲ್ಲ ಮುಚ್ಚಿ, 10ರ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ಮೀಟರ್ ಸೇರಿಸಿ. ಮೊದಲ ರೀಡಿಂಗ್ ನಂಬಬೇಡಿ, ಕಾರಿನ ಉಳಿದ ಎಲೆಕ್ಟ್ರಾನಿಕ್ಸ್ ನಿದ್ದೆಗೆ ಹೋಗಲು ಹದಿನೈದು ನಿಮಿಷ ಕಾಯಬೇಕು. ಮೀಟರ್ ಸೇರಿಸಿಕೊಂಡೇ ಸ್ಟಾರ್ಟ್ ಮಾಡಲು ಹೋದರೆ ಮೀಟರಿನ ಫ್ಯೂಸ್ ಸುಡುತ್ತದೆ, ಎಚ್ಚರ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಈ ಕಾರಿನಲ್ಲಿ ಬಂದದ್ದು 178. ಸ್ಟೀರಿಯೊದ ಫ್ಯೂಸ್ ಕಿತ್ತರೆ 18. ಅಂದರೆ ನಿದ್ದೆಯಲ್ಲಿರುವ ಸ್ಟೀರಿಯೊ ಒಂದೇ 160 ಮಿಲಿಆಂಪಿಯರ್ ಎಳೆಯುತ್ತಿದೆ. ಶುಕ್ರವಾರ ಸಂಜೆಯಿಂದ ಬುಧವಾರ ಬೆಳಿಗ್ಗೆವರೆಗೆ ಸುಮಾರು 108 ಗಂಟೆ. 19 ಆಂಪಿಯರ್-ಅವರ್ ಹೋಯಿತು, ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಪದೇ ಪದೇ ಹೀಗೆ ಇಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿ ಬ್ಯಾಟರಿ ಶಾಶ್ವತವಾಗಿ ಸೊರಗುತ್ತದೆ. ಅರ್ಧ ಗಂಟೆಯ ಓಡಾಟ ಇದನ್ನು ತುಂಬಿಕೊಡುವುದಿಲ್ಲ.

ಇನ್ನೂ ಕೆಟ್ಟದ್ದು ಒಂದಿದೆ. ಎಸಿಸಿ ಲೈನ್ ಹುಡುಕುವ ತಾಳ್ಮೆಯಿಲ್ಲದ ಕೆಲವರು ಫಿಟ್ಟಿಂಗ್ ಮಾಡುವಾಗ ಕೆಂಪು, ಹಳದಿ ಎರಡನ್ನೂ ಸೇರಿಸಿ ತಿರುಚಿಬಿಡುತ್ತಾರೆ. ಆಗ ಸೆಟ್ಟಿಗೆ ಕೀ ತೆಗೆದದ್ದೇ ಗೊತ್ತಾಗುವುದಿಲ್ಲ. ಬಟನ್ ಒತ್ತಿ ಸ್ಕ್ರೀನ್ ಆರಿಸಿದರೂ ಬೋರ್ಡು ಪೂರ್ತಿ ಎಚ್ಚರವಾಗಿರುತ್ತದೆ, ಬ್ಯಾಟರಿ ಒಂದೆರಡು ರಾತ್ರಿಯಲ್ಲೇ ಮುಗಿಯುತ್ತದೆ. ಬೇರೆಯವರ ಕೈಯಲ್ಲಿ ಹಾಕಿಸಿದ ಸೆಟ್ಟಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಪರಿಹಾರದ ಮೊದಲ ಮೆಟ್ಟಿಲಿಗೆ ಕಾಸು ಬೇಡ. ಫ್ಯಾಕ್ಟರಿ ಸೆಟ್ಟಿಂಗ್ಸ್ ಒಳಗೆ ನಿದ್ದೆಯ ಅವಧಿ ಬದಲಿಸುವ ಆಯ್ಕೆ ಕೆಲವು ಬೋರ್ಡುಗಳಲ್ಲಿ ಇರುತ್ತದೆ. ಪಾಸ್‌ವರ್ಡ್ ಬೋರ್ಡಿಗೊಂದು, 8888 ಅಥವಾ 3368 ಸಾಮಾನ್ಯ. ಅಲ್ಲಿ ಬೇರೇನನ್ನೂ ಮುಟ್ಟಬೇಡಿ, ಸ್ಕ್ರೀನಿನ ಆಯ್ಕೆ ತಪ್ಪಿದರೆ ಚಿತ್ರವೇ ಹೋಗುತ್ತದೆ. ಈ ಸೆಟ್ಟಿನಲ್ಲಿ ಆ ಆಯ್ಕೆ ಇದೆ, 'ಕೂಡಲೇ ಆಫ್' ಎಂದು ಇಟ್ಟರೂ ಮೀಟರ್ 178ರಿಂದ ಇಳಿಯಲಿಲ್ಲ. ಸಿಟ್ಟು ಬಂದದ್ದು ಇಲ್ಲಿ. ಇಲ್ಲದ ಸೌಲಭ್ಯಕ್ಕಿಂತ, ಇದೆ ಎಂದು ತೋರಿಸಿ ಕೆಲಸ ಮಾಡದ ಸೌಲಭ್ಯ ಹೆಚ್ಚು ಮೋಸ.

ಎರಡನೆಯದು ರಿಲೇ, ಒಂದು ವೈರಿನ ಸಣ್ಣ ಕರೆಂಟಿನಿಂದ ಇನ್ನೊಂದು ವೈರನ್ನು ಸೇರಿಸಿ ಬಿಡಿಸುವ ಸ್ವಿಚ್. ನಾಲ್ಕು ಪಿನ್ನಿನ 12 ವೋಲ್ಟ್ 30 ಆಂಪಿಯರ್ ರಿಲೇ, ಸಾಕೆಟ್ ಸಮೇತ ಇನ್ನೂರು ರೂಪಾಯಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. 30ನೇ ಪಿನ್ನಿಗೆ ಕಾರಿನ ಕಪ್ಲರಿನಿಂದ (ವೈರುಗಳನ್ನು ಜೋಡಿಸುವ ಪ್ಲಗ್) ಬರುವ ಬ್ಯಾಟರಿ ಲೈನ್, 87ಕ್ಕೆ ಸ್ಟೀರಿಯೊದ ಹಳದಿ, 86ಕ್ಕೆ ಎಸಿಸಿ, 85ಕ್ಕೆ ಅರ್ಥ್. ಎಸಿಸಿಯಿಂದ ಸ್ಟೀರಿಯೊದ ಕೆಂಪಿಗೆ ಹೋಗುವ ದಾರಿ ಹಾಗೇ ಇರಲಿ. ಇಷ್ಟು ಮಾಡಿದರೆ ಕೀ ತೆಗೆದ ಕ್ಷಣ ಹಳದಿಗೂ ಕರೆಂಟಿಲ್ಲ, ಮೀಟರಿನಲ್ಲಿ 18. ಹಳದಿಯನ್ನು ಸುಮ್ಮನೆ ಎಸಿಸಿಗೇ ಸೇರಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆ ಲೈನಿನ ಫ್ಯೂಸನ್ನು ಬಹಳ ಕಾರುಗಳಲ್ಲಿ ಲೈಟರ್ ಸಾಕೆಟ್ಟೂ ಹಂಚಿಕೊಂಡಿರುತ್ತದೆ. ವಾಲ್ಯೂಮ್ ಜೋರು ಮಾಡಿ, ಟೈರಿಗೆ ಗಾಳಿ ತುಂಬುವ ಪಂಪನ್ನೂ ಹಾಕಿದರೆ ಫ್ಯೂಸ್ ಹೋಗುತ್ತದೆ.

ಆದರೆ ರಿಲೇಗೂ ಒಂದು ಕಾಟ ಇದೆ. ಸೆಲ್ಫ್ ಹೊಡೆಯುವಾಗ ಹಲವು ಕಾರುಗಳಲ್ಲಿ ಎಸಿಸಿ ಲೈನ್ ಕ್ಷಣಕಾಲ ಕಡಿದುಹೋಗುತ್ತದೆ. ಹಳದಿಯೂ ಅದರ ಜೊತೆ ಹೋಗುವುದರಿಂದ, ಕೀಯನ್ನು ಎಸಿಸಿಯಲ್ಲಿ ನಿಲ್ಲಿಸಿ ಆಮೇಲೆ ಸ್ಟಾರ್ಟ್ ಮಾಡಿದರೆ ಅರ್ಧ ಎದ್ದ ಸೆಟ್ ಮತ್ತೆ ಮೊದಲಿನಿಂದ ಎದ್ದೇಳುತ್ತದೆ. ಹಾಲಿನ ಬೂತಿನ ಮುಂದೆ ಎರಡು ನಿಮಿಷ ನಿಲ್ಲಿಸಿದರೂ ಅಷ್ಟೇ, ಸೆಟ್ ಮೊದಲಿನಿಂದ ಎದ್ದೇಳಲು ಹಿಡಿಯುವ ಪೂರ್ತಿ 34 ಸೆಕೆಂಡ್ ಮತ್ತೆ ಕಾಯಬೇಕು. ಜೊತೆಗೆ, ಬರೆಯುತ್ತಿರುವಾಗಲೇ ಪವರ್ ಕಡಿದರೆ ಒಳಗಿನ ಮೆಮೊರಿಯೂ ಕೆಡಬಹುದು.

ಕೊನೆಗೆ ನಿಂತದ್ದು ಟೈಮರ್ ರಿಲೇ. ಎಸಿಸಿ ಹೋದ ಮೇಲೂ ನಾವು ಇಟ್ಟಷ್ಟು ಹೊತ್ತು ಸಂಪರ್ಕ ಹಿಡಿದಿಟ್ಟು ಆಮೇಲೆ ಬಿಡುವಂಥದ್ದು, ನಾನೂರು ರೂಪಾಯಿ. 30 ನಿಮಿಷಕ್ಕೆ ಇಟ್ಟಿದೆ. ಟೈಮರಿಗೂ ಸದಾ ಕರೆಂಟ್ ಬೇಕು, ಅದಕ್ಕೆ 4 ಮಿಲಿಆಂಪಿಯರ್. ಒಟ್ಟು 22, ದಿನಕ್ಕೆ ಅರ್ಧ ಆಂಪಿಯರ್-ಅವರ್. ಸೆಲ್ಫ್ ಹೊಡೆಯುವಾಗ ಹಳದಿ ಕಡಿಯುವುದಿಲ್ಲ. ಅಂಗಡಿಗೆ ಹೋಗಿ ಬಂದರೆ ಹಾಡು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಟೈಮರ್ ಕೊಳ್ಳುವಾಗ ಅದರ ಕಾಂಟ್ಯಾಕ್ಟ್ 10 ಆಂಪಿಯರಿಗಿಂತ ಕಡಿಮೆ ಇರಬಾರದು. ಒಳಗೆ ಕೂರಿಸಿ ಮುಚ್ಚುವ ಮೊದಲು ಎಂಜಿನ್ ಓಡಿಸಿ 14 ವೋಲ್ಟಿನಲ್ಲೂ ಸುಡುವಷ್ಟು ಬಿಸಿಯಾಗದೆ ಇರುತ್ತದೆಯೇ ಎಂದು ಕಾಲು ಗಂಟೆ ಕೈಯಿಟ್ಟು ನೋಡಿ. ಮೂರು ಮಳೆಗಾಲ ಕಂಡ ಸೆಟ್ಟಿನ ಮೇಲಿನ ಬೇಸರ ಅರ್ಧ ಇಳಿದದ್ದು ಈ ನಾನೂರು ರೂಪಾಯಿಯ ಮೇಲೆ.

ಉಳಿದ ಅರ್ಧ ಇಳಿಸಿದ್ದು ರೇಡಿಯೊ. ಇಂಥ ಸೆಟ್ಟುಗಳಲ್ಲಿ ಎಫ್‌ಎಂ ಸರಿಯಿಲ್ಲ ಎಂಬ ದೂರು ಎಲ್ಲ ಕಡೆ ಇದೆ, ಬಹುಪಾಲು ದೂರು ನೀಲಿ ವೈರಿನದು. ಛಾವಣಿಯ ಮೇಲೆ ಗಿಡ್ಡ ಆಂಟೆನಾ ಇರುವ ಹಲವು ಕಾರುಗಳಲ್ಲಿ ಅದರ ಬುಡದಲ್ಲೇ ಒಂದು ಬೂಸ್ಟರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಕೊಡುವುದು ಸ್ಟೀರಿಯೊದ ನೀಲಿ ವೈರ್. ಅದನ್ನು ಟೇಪ್ ಸುತ್ತಿ ಹಾಗೇ ಬಿಟ್ಟರೆ ಊರ ಹೊರಗೆ ಹೋಗುತ್ತಿದ್ದಂತೆ ಬರೀ ಸರಸರ ಸದ್ದು. ಸೇರಿಸಿದ ದಿನದಿಂದ ಬೆಂಗಳೂರಿನ ವಿವಿಧ ಭಾರತಿ 102.9, ರೇನ್‌ಬೋ 101.3 ಎರಡೂ ಚೊಕ್ಕವಾಗಿ ನಿಲ್ಲುತ್ತವೆ. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ ಮೈಸೂರಿನ ಕಡೆ ಹೊರಟರೆ, ಊರು ಹತ್ತಿರವಾದಂತೆ 100.6 ತಾನಾಗಿ ಸಿಗುತ್ತದೆ. ಆ ಸಂತೋಷಕ್ಕೆ ಇಂಟರ್ನೆಟ್ಟೂ ಬೇಡ, ಫೋನೂ ಬೇಡ. ನೀಲಿ ವೈರಿನಿಂದ ಆಂಪ್ಲಿಫೈಯರಿಗೆ ನೇರ ಪವರ್ ಮಾತ್ರ ಕೊಡಬೇಡಿ, ಅದು ಸಿಗ್ನಲ್ಲಿಗೆ ಸಾಕಾಗುವಷ್ಟೇ ಕರೆಂಟ್ ತಾಳುತ್ತದೆ. ಮೀಡಿಯಂ ವೇವ್ ಆಸೆ ಬಿಡಬೇಕು. ಬೆಂಗಳೂರಿನ 612 ಹಾಕಿದರೆ ಸೆಟ್ಟಿನದೇ ಸ್ಕ್ರೀನಿನ ಗುಂಯ್‌ಗುಟ್ಟುವಿಕೆ ಮಾತನ್ನು ನುಂಗುತ್ತದೆ.

ಸ್ವತಃ ಹಾಕುವವರಿಗೆ ಎರಡು ಮಾತು. ವೈರ್ ಕತ್ತರಿಸಬೇಡಿ, ಕಾರಿನ ಮಾಡೆಲ್ಲಿಗೆ ಹೊಂದುವ ಕಪ್ಲರ್ ತನ್ನಿ. ಜರ್ಮನ್ ಕಾರುಗಳ ಕಪ್ಲರಿನಲ್ಲಿ ಕೆಂಪು ಹಳದಿ ಅದಲುಬದಲಾಗಿ ಬರುವುದುಂಟು, ಬಣ್ಣ ನಂಬದೆ ಮೀಟರಿನಿಂದಲೇ ನೋಡಿ. ಜೋಡಿಸಲೇಬೇಕಾದ ಕಡೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ. ಬರೀ ಇನ್ಸುಲೇಷನ್ ಟೇಪ್ ಆದರೆ ಬೇಸಿಗೆಯ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸ್ಪೀಕರಿನ ಮೈನಸ್ ವೈರುಗಳನ್ನು ಕಾರಿನ ಲೋಹದ ಮೈಗೆ ತಾಗಿಸಿದರೆ ಆಂಪ್ಲಿಫೈಯರ್ ಚಿಪ್ಪಿಗೆ ಅಪಾಯ. ಎಂಜಿನ್ ರೇಸ್ ಮಾಡಿದಂತೆ ಏರುವ ಕುಯ್ ಸದ್ದು ಸ್ಪೀಕರಿನಲ್ಲಿ ಬಂದರೆ ಮೊದಲು ಕಪ್ಪು ವೈರನ್ನು ಬಣ್ಣ ಕೆರೆದ ಲೋಹಕ್ಕೆ ಬೋಲ್ಟ್ ಹಾಕಿ ಕಟ್ಟಿ, ಫಿಲ್ಟರ್ ಆಮೇಲೆ ಕೊಳ್ಳಿ. ಕರ್ಟನ್ ಏರ್‌ಬ್ಯಾಗ್ (ಪಕ್ಕದ ಗಾಜುಗಳ ಮೇಲಿನಿಂದ ಇಳಿಯುವಂಥದ್ದು) ಇರುವ ಕಾರಿನಲ್ಲಿ, ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಫೋನ್ ಮಾತಿನ ಮೈಕಿನ ವೈರನ್ನು ಏರ್‌ಬ್ಯಾಗಿನ ಮೇಲೆ ಹಾಯಿಸಬೇಡಿ, ಹಿಂದಿನಿಂದ ತನ್ನಿ.

ಟೈಮರ್ ಇದ್ದರೂ ದಿನದ ಮೊದಲ ಸ್ಟಾರ್ಟಿಗೆ 34 ಸೆಕೆಂಡ್ ತಪ್ಪುವುದಿಲ್ಲ, ರಿವರ್ಸ್ ಕ್ಯಾಮೆರಾ ಮಾತ್ರ 12ನೇ ಸೆಕೆಂಡಿಗೆ ಬರುತ್ತದೆ. ಹಾಗಾಗಿ ಬೆಳಗಿನ ಕ್ರಮ ಹೀಗೆ: ಸ್ಟಾರ್ಟ್ ಮಾಡುವುದು, ಬೆಲ್ಟ್ ಹಾಕುವುದು, ಎರಡೂ ಕನ್ನಡಿ ನೋಡುವುದು, ಸ್ಕ್ರೀನಿನಲ್ಲಿ ಗೇಟು ಕಂಡ ಮೇಲೆ ಹಿಂದಕ್ಕೆ ತೆಗೆಯುವುದು. ಗೇಟು ಹಾಕಿ ಬಂದು ಕೂರುವ ಹೊತ್ತಿಗೆ 102.9 ಹಾಡುತ್ತಿರುತ್ತದೆ.